ಮೊದಲ ಫೋಟೊ ತೆಗೆದ ಜಾಗ

ಮರವಂತೆಯ ಕಡಲ ಬದಿಯ ರಸ್ತೆಗೆ ಕೇಂದ್ರದ ಅನುದಾನ ಬಂದಿತ್ತು. ಪಂಚಾಯತ್ ಎಂಜಿನಿಯರ್ ನಾನೇ. ಕೆಲಸ ಮುಗಿದ ಮೇಲೆ, ಶುರುವಿನಲ್ಲಿ ಫೋಟೊ ತೆಗೆದ ಜಾಗದಲ್ಲೇ ನಿಂತು ಇನ್ನೊಂದು ತೆಗೆಯಬೇಕು. ಬೇರೆ ಕಡೆ ನಿಂತರೆ ಆ್ಯಪ್ ಒಪ್ಪುವುದಿಲ್ಲ. ಇವತ್ತು ಸಂಜೆ ಐದರೊಳಗೆ ಕಳಿಸದಿದ್ದರೆ ಕೊನೆಯ ಕಂತು ದೆಹಲಿಗೆ ವಾಪಸ್.

ನಾಲ್ಕೂವರೆಗೆ ಹೋಗಿ ನೋಡಿದರೆ ಆ ಜಾಗವೇ ಇಲ್ಲ. ಮಳೆಗಾಲದಲ್ಲಿ ಕಡಲು ಕೊರೆದುಕೊಂಡು ಹೋಗಿದೆ.

ಬಲೆ ಸರಿಮಾಡುತ್ತಿದ್ದ ನಾಗಣ್ಣ ನನ್ನ ಪರದಾಟ ಕಂಡು ನೀರಿನತ್ತ ಕೈ ತೋರಿಸಿದ. "ಹ್ವಾಯ್, ಅವತ್ತ್ ನೀವ್ ನಿಂತ್ಕಂಡ ಜಾಗ ಈಗ ಅಲ್ಲ್ ಇತ್ತ್, ಕಾಣಿ. ದೋಣಿ ಹತ್ತಿ, ಕರ್ಕಂಡ್ ಹೋತೆ."

ಓಲಾಡುವ ದೋಣಿಯಲ್ಲಿ ಎದ್ದು ನಿಂತೆ. ನಾಗಣ್ಣ ನನ್ನ ಸೊಂಟ ಹಿಡಿದ. ಐದಕ್ಕೆ ಎರಡು ನಿಮಿಷ ಇರುವಾಗ ಆ್ಯಪ್ ಒಪ್ಪಿತು.

ವಾರದ ಮೇಲೆ ನೋಟಿಸ್ ಬಂತು: ಮೊದಲ ಫೋಟೊದಲ್ಲಿದ್ದ ತೆಂಗಿನಮರ ಎರಡನೆಯದರಲ್ಲಿ ಕಾಣುತ್ತಿಲ್ಲ. ತೆಗೆದುಕೊಂಡು ಹೋದವರ ಹೆಸರು, ವಿಳಾಸ ಕೂಡಲೇ ತಿಳಿಸಿ.