ಹೇಳಿದಂತೆ ಕೇಳುವ ಬಂಡಿ

ನಮ್ಮ ಮಾವನವರ ಮನೆಯಲ್ಲಿ ಹೊಸ ಹೋರಿಗಳನ್ನು ಹರೆಯದ ಹುಡುಗರ ಕೈಗೆ ಕೊಡುತ್ತಿರಲಿಲ್ಲ. ಯಾರೂ ಕುಳಿತು ಮಾಡಿದ ಕಟ್ಟಳೆಯಲ್ಲ ಅದು. ಹೊರಗಿನಿಂದ ಬಂದವರು ಕಾಲು ತೊಳೆದು ಒಳಗೆ ಬರುವಷ್ಟೇ ಸಹಜವಾಗಿ ನಡೆದುಬಂದದ್ದು. ಹುಡುಗ ಮೊದಲು ಮುದಿ ಎತ್ತಿನ ಬಂಡಿಯ ಹಿಂದೆ ನಡೆಯಬೇಕು. ಆಮೇಲೆ ಅದೇ ಮುದಿ ಎತ್ತುಗಳ ಹಗ್ಗ ಹಿಡಿಯಬೇಕು. ಒಂದೆರಡು ಸುಗ್ಗಿ ಹಾಗೆ ಕಳೆದ ಮೇಲೆ, ಮಾವನವರಿಗೆ ಮನಸ್ಸು ಬಂದರೆ, ಹೋರಿಗಳನ್ನು ಹೂಡಲು ಅಪ್ಪಣೆ ಸಿಗುತ್ತಿತ್ತು. ನಮ್ಮ ಯಜಮಾನರಿಗೆ ಹತ್ತೊಂಬತ್ತು ತುಂಬಿದರೂ ಆ ಅಪ್ಪಣೆ ಸಿಕ್ಕಿರಲಿಲ್ಲ. ಅಂಥ ಮನೆಯಲ್ಲಿ ಅವರ ಕೈಗೆ ಮೋಟಾರು ಬಂತು.

ಗಂಡನ ಹೆಸರು ಹೇಳುವ ರೂಢಿ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಬರೆಯಲು ಕುಳಿತರೂ ಕೈ ಏಳುವುದಿಲ್ಲ. ಬೈಲಹೊಂಗಲದಲ್ಲಿ ಮಾವನವರದು ಹತ್ತಿಯ ವ್ಯಾಪಾರ. ನನ್ನ ತವರು ರಾಮದುರ್ಗದ ಸೀಮೆಯ ಒಂದು ಹಳ್ಳಿ, ಹಿತ್ತಲಲ್ಲಿ ನಿಂತರೆ ತೊರಗಲ್ಲಿನ ಕೋಟೆ ಕಾಣುತ್ತಿತ್ತು. ಜರ್ಮನಿಯ ಯುದ್ಧ ಮುಗಿದು ಕೆಲವು ವರ್ಷವಾಗಿತ್ತು. ಬೆಳಗಾವಿಯಲ್ಲಿ ಯಾರದೋ ಮೋಟಾರು ನೋಡಿ ಬಂದ ಮಾವನವರಿಗೆ ಊಟ ರುಚಿಸದಾಯಿತು. ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳಬೇಕು, ಸವದತ್ತಿಯ ಗುಡ್ಡವನ್ನು ನಡುವೆ ನಿಲ್ಲದೆ ಏರಬೇಕು ಎಂದು ಹಟ ಹಿಡಿದರು. ಮಾರುವವನು ಅದಕ್ಕೆ ಇಪ್ಪತ್ತು ಕುದುರೆಗಳ ಶಕ್ತಿ ಇದೆ ಎಂದನಂತೆ.

"ಕುದುರಿ ಲೆಕ್ಕ ನನಗ ಬ್ಯಾಡ, ಎತ್ತಿನ ಲೆಕ್ಕದಾಗ ಹೇಳ್ರಿ" ಎಂದು ಮಾವನವರು ಕೇಳಿದರಂತೆ.

ಅವನು ಏನು ಹೇಳಿದನೋ, ಮನೆಗೆ ಬಂದ ಮಾವನವರು ಹತ್ತು ಜೋಡಿ ಎತ್ತು ಒಂದೇ ನೊಗಕ್ಕೆ ಕಟ್ಟಿದ ಹಾಗೆ ಎಂದು ಬಂದವರಿಗೆಲ್ಲ ಹೇಳಿದರು. ಒಂದು ಜೋಡಿ ಹೋರಿಯನ್ನೇ ನಂಬಿ ಕೊಡದ ಮಗನಿಗೆ ಹತ್ತು ಜೋಡಿ ಕೊಡುತ್ತಿದ್ದೇನೆ ಎಂಬುದು ಅವರಿಗೆ ಹೊಳೆಯಲಿಲ್ಲ. ಹೊಳೆದದ್ದು ನಮ್ಮ ಅತ್ತೆಗೆ.

"ಹೋರಿ ಹೂಡಬ್ಯಾಡ ಅಂತ ಮೊನ್ನಿ ಅವನ ಕೈಯಾನ ಹಗ್ಗ ಕಸಗೊಂಡ್ರಿ. ಈಗ ಇಷ್ಟು ದೊಡ್ಡದು ಕೊಡತೀರೇನ್ರಿ?" ಎಂದು ಅತ್ತೆ ರೊಟ್ಟಿ ಬಡಿಯುತ್ತಲೇ ಕೇಳಿದರು.

ಮಾವನವರು ನಕ್ಕರು. "ಹೋರಿಗೆ ತನ್ನದ ಒಂದು ಮನಸ್ಸು ಇರತೈತಿ. ಬೆದರತೈತಿ, ಜಗ್ಗತೈತಿ, ಬ್ಯಾಡಾದ್ರ ನಿಂತುಬಿಡತೈತಿ. ಅದಕ್ಕ ಅಂಜಬೇಕು. ಇದಕ್ಕೇನೈತಿ? ತಿರುವಿದ ಕಡೆ ತಿರಗತೈತಿ. ಹೇಳಿದಂಗ ಕೇಳೋದಕ್ಕ ಯಾಕ ಅಂಜತಿ?"

ಅತ್ತೆ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡರು. ಸೊಸೆಯಾದ ನನ್ನನ್ನು ಯಾರೂ ಕೇಳಲಿಲ್ಲ. ಮಾತು ನ್ಯಾಯವಾಗಿಯೇ ಇತ್ತು. ಎತ್ತುಗಳ ನಡುವೆ ಹುಟ್ಟಿ ಬೆಳೆದವರಿಗೆ ಅದಕ್ಕಿಂತ ನ್ಯಾಯವಾದ ಮಾತು ಇನ್ನೊಂದು ಇರಲು ಸಾಧ್ಯವಿರಲಿಲ್ಲ.

ಬೆಳಗಾವಿಯಿಂದ ಒಬ್ಬ ಡ್ರೈವರು ಬಂದು ನಾಲ್ಕು ದಿನ ಊರ ಹೊರಗಿನ ಬಯಲಲ್ಲಿ ಕಲಿಸಿ ಹೋದ. ಇನ್ನೂ ಸ್ವಲ್ಪ ದಿನ ಇರುತ್ತೇನೆ ಎಂದರೆ ಮಾವನವರೇ ಸಾಕೆಂದರು. ಯಜಮಾನರು ಮೀಸೆಗೆ ಎಣ್ಣೆ ಹಚ್ಚಿಕೊಂಡು ಓಣಿಯಲ್ಲಿ ಮೋಟಾರು ತಂದು ನಿಲ್ಲಿಸಿದ ದಿನ ನನಗೂ ಒಳಗೊಳಗೆ ಹಿಗ್ಗಾಗಿತ್ತು, ಸುಳ್ಳು ಯಾಕೆ ಹೇಳಲಿ. ಅದರ ಹಾರ್ನಿಗೆ ಓಣಿಯ ದನಗಳು ಕಣ್ಣಿ ಹರಿದುಕೊಂಡು ಓಡಿದವು. ಅತ್ತೆ ದನದ ಕೊಟ್ಟಿಗೆಯಿಂದ ಒಂದು ಗೆಜ್ಜೆಸರ ತಂದು ಮೋಟಾರಿನ ಮೂತಿಗೆ ಕಟ್ಟಿಸಿದರು. ಗೆಜ್ಜೆಯ ಸಪ್ಪಳ ಕೇಳಿದರೆ ಎತ್ತುಗಳು ಹಿಂದೆ ಸವಾರಿ ಬಂಡಿ ಬಂತೆಂದು ತಿಳಿದು ತಾವೇ ಎಡಕ್ಕೆ ಸರಿಯುತ್ತವೆ ಎಂಬುದು ಅವರ ಲೆಕ್ಕ. ಯಜಮಾನರಿಗೆ ನಾಚಿಕೆಯಾಯಿತು, ಆದರೆ ತಾಯಿಯ ಮಾತು ತೆಗೆದುಹಾಕಲಿಲ್ಲ.

ಆಗ ನಾನು ಮೊದಲ ಬಸುರಿ. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದರು. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ. ಕುಬಸ ಮುಗಿದ ಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕು, ಕರೆಯಲು ತವರಿನ ಬಂಡಿಯೇ ಬರಬೇಕು. ಬಂತು. ನಮ್ಮ ಅಣ್ಣ ಬಂಡಿಯ ತುಂಬ ಹುಲ್ಲು ಹಾಸಿ, ಅದರ ಮೇಲೆ ಗಾದಿ, ಗಾದಿಯ ಮೇಲೆ ಅವ್ವನ ಕೌದಿ ಹಾಸಿಕೊಂಡು ಬಂದಿದ್ದ. ಎತ್ತುಗಳು ನಮ್ಮ ಮನೆಯ ಹಳೆಯವೇ. ನನ್ನನ್ನು ಮದುವೆಗೆ ಕರೆತಂದದ್ದೂ ಅವೇ.

"ಬಂಡ್ಯಾಗ ಎರಡು ದಿನದ ಹಾದಿ. ಮೋಟಾರಿನಾಗ ಮಧ್ಯಾಹ್ನಕ್ಕ ತವರಿನಾಗ ಉಣತಾಳ" ಎಂದರು ಯಜಮಾನರು.

ಅಣ್ಣ ಬೀಗರ ಮನೆಯಲ್ಲಿ ಜೋರಾಗಿ ಮಾತಾಡುವವನಲ್ಲ. "ಹುಲ್ಲು ಹಾಸೇನ್ರಿ. ಮೆಲ್ಲಕ ಕರಕೊಂಡು ಹೋಗತೇನಿ" ಎಂದಷ್ಟೇ ಅಂದ.

ಎಲ್ಲರೂ ಮಾವನವರ ಮುಖ ನೋಡಿದರು. ಅವರು ಎರಡೂ ಕಡೆಯ ಮಾನ ಉಳಿಸಿದರು. ಬುತ್ತಿಯ ಬುಟ್ಟಿ, ಬಟ್ಟೆಯ ಗಂಟು ಎಲ್ಲ ತವರಿನ ಬಂಡಿಯಲ್ಲಿ ಮೊದಲು ಹೋಗಲಿ, ಅಣ್ಣ ಯರಗಟ್ಟಿಯಲ್ಲಿ ರಾತ್ರಿ ವಸ್ತಿ ಮಾಡಲಿ. ಮಗ ಮರುದಿನ ಸೊಸೆಯನ್ನು ಮೋಟಾರಿನಲ್ಲಿ ತರಲಿ, ಬಂಡಿ ಸಿಕ್ಕಲ್ಲಿಂದ ಅದರ ಜೊತೆಯಲ್ಲೇ ಊರು ಹೊಗಲಿ. ಹೀಗೆ ತವರಿನ ಬಂಡಿಯೂ ಬಂದ ಹಾಗಾಯಿತು, ಮೋಟಾರೂ ಮೆರೆದ ಹಾಗಾಯಿತು. ಇದಕ್ಕಿಂತ ಜಾಣತನದ ತೀರ್ಮಾನ ಊರಲ್ಲಿ ಯಾರೂ ಮಾಡಿರಲಿಲ್ಲ ಎಂಬಂತೆ ಎಲ್ಲರೂ ಎಲೆ ಅಡಿಕೆ ಹಾಕಿಕೊಂಡರು.

ಯರಗಟ್ಟಿಯವರೆಗೆ ಏನೂ ಆಗಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕುಳಿತಿದ್ದೆ. ಕೂಸು ಒಳಗೆ ಒದೆಯುತ್ತಿತ್ತು. ಯಜಮಾನರು ಒಮ್ಮೆ ತಿರುಗಿ, "ಅಂಜಿಕಿ ಬರತೈತೇನು?" ಎಂದು ಕೇಳಿದರು. ಇಲ್ಲ ಎಂದೆ. ಖುಷಿಯಾಗಿ ಇನ್ನಷ್ಟು ಜೋರು ಬಿಟ್ಟರು.

ಯರಗಟ್ಟಿ ದಾಟಿ ಬಹಳ ದೂರ ಹೋದ ಮೇಲೆ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ಆ ಇಳಿಜಾರಿನಲ್ಲಿ ನಡುರಸ್ತೆಯಲ್ಲೇ ತವರಿನ ಬಂಡಿ ಹೋಗುತ್ತಿತ್ತು. ಅಣ್ಣ ಕಾಣಿಸಲಿಲ್ಲ. ಬುತ್ತಿ ಉಂಡು, ನನಗೆಂದು ಹಾಸಿದ ಗಾದಿಯ ಮೇಲೆ ಮಲಗಿಬಿಟ್ಟಿದ್ದ. ನಮ್ಮ ಕಡೆ ಮನೆಯ ದಾರಿಗೆ ಬಿದ್ದ ಎತ್ತುಗಳ ಬಂಡಿಯಲ್ಲಿ ಎಲ್ಲರೂ ಮಲಗುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಮುಂದಿನದನ್ನು ನಾನು ಹಿಂದೆ ಕುಳಿತು ಪೂರ್ತಿ ನೋಡಿದೆ. ಯಜಮಾನರು "ಹೋ… ಹೋ… ಹೋ…" ಎಂದು ಕೂಗಿದರು. ಸ್ಟೀರಿಂಗಿನ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಎದೆಯ ಕಡೆಗೆ ಎಳೆದರು. ಕಾಲುಗಳನ್ನು ಮುಂದಕ್ಕೆ ಊರಿ, ಬೆನ್ನನ್ನು ಸೀಟಿಗೆ ಒತ್ತಿ ಹಿಂದಕ್ಕೆ ಜಗ್ಗಿದರು. ಓಡುವ ಎತ್ತುಗಳನ್ನು ನಿಲ್ಲಿಸುವುದು ಹಾಗೆಯೇ. ಆರೇಳು ವರ್ಷದಿಂದ ಅವರು ಕಲಿತದ್ದು ಅದೇ. ಆದರೆ ಊರಿದ ಬಲಗಾಲಿನ ಕೆಳಗೆ ಇದ್ದದ್ದು ಮೋಟಾರನ್ನು ಓಡಿಸುವ ಪೆಡಲು. ಅದು ಓಡು ಎಂದು ಕೇಳಿಸಿಕೊಂಡು ಓಡಿತು.

ಗೆಜ್ಜೆ ಗಲಗಲ ಎಂದಿತು. ನಮ್ಮ ಎತ್ತುಗಳು ಕಿವಿ ನಿಮಿರಿಸಿ, ಯಾರೂ ಹೇಳದೆ, ಮಲಗಿದ್ದ ಅಣ್ಣನನ್ನು ಹೊತ್ತುಕೊಂಡು ಎಡಕ್ಕೆ ಸರಿದು ನಿಂತವು. ರಸ್ತೆ ಪೂರ್ತಿ ತೆರವಾಯಿತು. ಸುಮ್ಮನೆ ಬಿಟ್ಟಿದ್ದರೂ ಮೋಟಾರು ದಾಟಿ ಹೋಗುತ್ತಿತ್ತು. ಇವರು ಮಾತ್ರ ಹಲ್ಲು ಕಚ್ಚಿ ಎಳೆಯುತ್ತಲೇ ಇದ್ದರು. ಬಲಗೈಯ ಜೋರು ಹೆಚ್ಚು. ಚಕ್ರ ಬಲಕ್ಕೆ ತಿರುಗಿತು. ಮೋಟಾರು ಬಲಕ್ಕೆ ತಿರುಗಿ ದಂಡೆಯ ಮೇಲಿಂದ ಹಳ್ಳಕ್ಕೆ ಇಳಿಯಿತು.

ಹಳ್ಳದಲ್ಲಿ ನೀರಿರಲಿಲ್ಲ. ನಾನು ಮುಂದಿನ ಸೀಟಿನ ಬೆನ್ನಿಗೆ ಹೊಟ್ಟೆ ಅಪ್ಪಳಿಸಿ ಬಿದ್ದಿದ್ದೆ. ಮೊದಲು ನೋಡಿಕೊಂಡದ್ದು ಬಳೆಗಳನ್ನು. ಒಂದೂ ಒಡೆದಿರಲಿಲ್ಲ. ಎಂಥ ಗಟ್ಟಿ ಬಳೆ ಇಡಿಸಿದ್ದಾರೆ ಎಂದುಕೊಂಡೆ, ಅಷ್ಟೇ. ನೋವೂ ಗೊತ್ತಾಗಲಿಲ್ಲ, ಅಂಜಿಕೆಯೂ ಬರಲಿಲ್ಲ. ಯಜಮಾನರ ಹಣೆಯಿಂದ ರಕ್ತ ಇಳಿಯುತ್ತಿತ್ತು; ಅವರ ಕೈ ಇನ್ನೂ ಚಕ್ರ ಬಿಟ್ಟಿರಲಿಲ್ಲ.

ಅಣ್ಣ ಎದ್ದು ಓಡಿ ಬಂದ. ನನ್ನನ್ನು ಎತ್ತಿಕೊಂಡು ಹೋಗಿ, ಆಗತಾನೆ ತಾನು ಮಲಗಿದ್ದ ಬೆಚ್ಚನೆಯ ಜಾಗದಲ್ಲಿ ಮಲಗಿಸಿದ. ಯಜಮಾನರಿಗೆ, "ಬಂಡಿ ಹತ್ತ್ರಿ" ಎಂದ. ಅವರು ತಲೆಯಾಡಿಸಿ ಒಲ್ಲೆ ಎಂದರು. ಅಲ್ಲಿಂದ ಊರಿನವರೆಗೂ ಬಂಡಿಯ ಹಿಂದೆ ನಡೆದುಕೊಂಡು ಬಂದರು. ಮುದಿ ಎತ್ತಿನ ಬಂಡಿಯ ಹಿಂದೆ, ಮನೆಯಲ್ಲಿ ಹುಡುಗರು ಮೊದಲ ವರ್ಷ ನಡೆಯುವ ಹಾಗೆ. ನಾನು ಮಲಗಿದಲ್ಲಿಂದ ಅವರ ಮುಖ ಕಾಣುತ್ತಿತ್ತು. ನೋಡಬೇಕೆಂದೂ ಅನ್ನಿಸಲಿಲ್ಲ, ನೋಡಬಾರದೆಂದೂ ಅನ್ನಿಸಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಒಳಗೆ ಒದೆತ ನಿಂತಿತ್ತು.

ಮರುದಿನ ಬೆಳಿಗ್ಗೆ ತವರಿನಲ್ಲಿ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ, ಅವ್ವ ಹೇಳಲಿಲ್ಲ. ಸುತ್ತ ಕೂತ ಹೆಂಗಸರೆಲ್ಲ ಅತ್ತರು, ನನ್ನನ್ನೂ ಅಳಿಸಲು ನೋಡಿದರು. ಅತ್ತುಬಿಡವ್ವ, ಅತ್ತರ ಹಗುರಾಗತೈತಿ ಎಂದರು. ಹಗುರಾಗಲು ಭಾರವಾದರೂ ಇರಬೇಕಲ್ಲ. ನನ್ನೊಳಗೆ ಏನೂ ಇರಲಿಲ್ಲ. ಎದೆಹಾಲು ಬಂದಾಗ ಮಾತ್ರ ಇದು ಯಾರಿಗೆ ಎಂದು ಸಿಟ್ಟು ಬಂತು. ಅದೂ ಹಾಲು ಬತ್ತುವವರೆಗೆ.

ಮೋಟಾರನ್ನು ಆರು ಜೋಡಿ ಎತ್ತು ಕಟ್ಟಿ ಹಳ್ಳದಿಂದ ಎಳೆದು ತಂದರಂತೆ. ಮಾವನವರ ಹೊಸ ಹೋರಿಗಳೂ ಅದರಲ್ಲಿ ಇದ್ದವಂತೆ. ಹತ್ತಿಯ ಗೋದಾಮಿನ ಮೂಲೆಯಲ್ಲಿ ನಿಲ್ಲಿಸಿ ತಾಡಪತ್ರಿ ಮುಚ್ಚಿದರು. ಗೆಜ್ಜೆಸರವನ್ನು ಯಾರೂ ಬಿಚ್ಚಲಿಲ್ಲ. ನಾನು ಗಂಡನ ಮನೆಗೆ ಮರಳಿದೆ. ಯಜಮಾನರು ಆ ದಿನದ ಮಾತನ್ನು ನನ್ನೆದುರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಇಬ್ಬರು ಹೆಣ್ಣುಮಕ್ಕಳಾದರು. ಎರಡು ಸಲವೂ ತವರಿಗೆ ಬಂಡಿಯಲ್ಲೇ ಹೋದೆ.

ಅಷ್ಟರಲ್ಲಿ ಯಜಮಾನರ ತಮ್ಮ, ನನ್ನ ಮೈದುನ, ಬೆಳೆದು ಹತ್ತೊಂಬತ್ತಕ್ಕೆ ಬಂದ. ಮದುವೆಯಾಗಿತ್ತು, ಹೆಂಡತಿಗೆ ಐದು ತಿಂಗಳು. ಒಂದು ಅಮಾವಾಸ್ಯೆಯ ಮಧ್ಯಾಹ್ನ ಎಲ್ಲರೂ ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದಾಗ ಅವನು ಮೋಟಾರಿನ ಮಾತು ತೆಗೆದ. ಬೆಳಗಾವಿಯ ಮಿಸ್ತ್ರಿ ಬಂದು ನೋಡಿದ್ದಾನೆ, ಎಂಜಿನ್ನು ಚೆನ್ನಾಗಿದೆ, ರಿಪೇರಿ ಮಾಡಿಸಿದರೆ ಓಡುತ್ತದೆ ಎಂದ.

ಮಾವನವರಿಗೆ ವಯಸ್ಸಾಗಿತ್ತು, ಆದರೆ ನ್ಯಾಯದ ಮಾತು ಹಳೆಯದೇ. "ಅದರ ತಪ್ಪೇನಿಲ್ಲ. ಹೇಳಿದಂಗ ಕೇಳ್ತು. ಹೇಳಾಂವಗ ಹೇಳಾಕ ಬರಲಿಲ್ಲ. ಇವ ಒಂದು ತಿಂಗಳ ಚಲೋತ್ನಾಗ ಕಲೀಲಿ" ಎಂದರು.

ಯಜಮಾನರು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಹಣೆಯ ಗಾಯದ ಗುರುತನ್ನು ಬೆರಳಿನಿಂದ ಸವರಿಕೊಂಡರು. ನನ್ನ ಓರಗಿತ್ತಿ ಅಡಿಗೆಮನೆಯ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಗಂಡನಿಗೆ ಮೋಟಾರು ಸಿಕ್ಕೀತೆಂದು ಅವಳ ಮುಖ ಅರಳಿತ್ತು. ನನಗೆ ಆ ಮುಖ ಗುರುತಿತ್ತು.

ಮಾವನವರ ಎದುರು ನಾನು ಅದುವರೆಗೆ ಬಾಯಿ ತೆರೆದವಳಲ್ಲ. ಅಂದು ಯಜಮಾನರು ಒರಗಿದ್ದ ಕಂಬದ ಪಕ್ಕ ಕುಳಿತಲ್ಲೇ ಸೆರಗು ಸರಿಮಾಡಿಕೊಂಡು ಕೇಳಿದೆ. "ಹಿಂದಿನ ಸೀಟಿನಾಗ ಯಾರನ್ನ ಕುಂಡ್ರಸತೀರಿ, ಮಾವ್ನಾರ?"

ದನಿ ಏರಿರಲಿಲ್ಲ, ನಡುಗಿರಲಿಲ್ಲ. ಸಂತೆಯಿಂದ ಏನು ತರಬೇಕೆಂದು ಕೇಳಿದ ಹಾಗೆ ಕೇಳಿದ್ದೆ. ಮಾವನವರು ನನ್ನ ಕಡೆ ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತ ಕಿರಿ ಸೊಸೆಯ ಕಡೆ ನೋಡಿದರು. ಅವಳು ಗೊತ್ತಿಲ್ಲದೆಯೇ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ಮಾರ್ರಿ" ಎಂದರು ಯಜಮಾನರು. ತಲೆ ಎತ್ತಲಿಲ್ಲ. ಆಮೇಲೆ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಹೆಣ್ಣು ಕೂಸಿತ್ತು. ನಿಮ್ಮ ಅವ್ವನ ಕೈಯಾಗ ನೋಡಿದ್ದೆ" ಎಂದರು.

ಮೈದುನ ಏನೋ ಹೇಳುತ್ತಿದ್ದ. ನಾನು ಎದ್ದು ಹೋಗಿ ಓರಗಿತ್ತಿಯ ಕೈಯಿಂದ ತಂಬಿಗೆ ತೆಗೆದುಕೊಂಡೆ. ಅಡಿಗೆಮನೆಯ ಒಳಗೆ ಹೋಗಿ, ಅಷ್ಟು ವರ್ಷದ ಮೇಲೆ, ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ.