ಮದ್ರಾಸಿನಲ್ಲಿ ಹೇಳಬೇಕಾದ ಹೆಸರು

ಮದ್ರಾಸಿನ ವೀಸಾ ಕಚೇರಿಯಲ್ಲಿ ನನಗೆ ವೀಸಾ ಇಲ್ಲ ಎಂದದ್ದು ಗಂಡನ ಹೆಸರು ಹೇಳದ ಕಾರಣಕ್ಕೆ. ಈಗ ಕೇಳಿದವರು ನಗುತ್ತಾರೆ. ನಗಲಿ. ಎಪ್ಪತ್ತರ ದಶಕದ ಕೊನೆಯಲ್ಲಿ ಮುಳಬಾಗಿಲಿನ ನಮ್ಮ ಬೀದಿಯ ಯಾವ ಹೆಂಗಸೂ ಗಂಡನ ಹೆಸರೆತ್ತುತ್ತಿರಲಿಲ್ಲ. ಮದುವೆಯ ದಿನ ಹೊಸಿಲಿಗೆ ಅಡ್ಡ ನಿಂತ ನಾದಿನಿಯರು ಹೇಳಿಸಿದ್ದೇ ಮೊದಲು, ಅದೇ ಕೊನೆ. ಆಮೇಲೆ ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ಅತ್ತೆ ನಂಬಿದ್ದರು, ನಾನೂ ನಂಬಿದ್ದೆ. ರೇಷನ್ ಅಂಗಡಿಯವನು ಕೇಳಿದರೆ ಪಕ್ಕದ ಮನೆಯವಳು ನಮ್ಮವರ ಹೆಸರು ಹೇಳುತ್ತಿದ್ದಳು, ಅವಳ ಗಂಡನದ್ದನ್ನು ನಾನು ಹೇಳುತ್ತಿದ್ದೆ.

ಶ್ರೀನಿವಾಸಪುರದ ಮಾವಿನ ಮಂಡಿಯ ಸಾಹೇಬರ ತಾಯಿ ಹಾಸಿಗೆ ಹಿಡಿದಾಗ ಮೈ ತೊಳೆಸಿ, ಮಗ್ಗುಲು ಬದಲಿಸಿ, ಕೊನೆತನಕ ನೋಡಿಕೊಂಡವಳು ನಾನು. ಬೆನ್ನಿಗೆ ಒಂದು ಹುಣ್ಣಾಗಲೂ ಬಿಟ್ಟಿರಲಿಲ್ಲ. ಅದನ್ನು ಕಂಡಿದ್ದ ಸಾಹೇಬರ ಅಳಿಯ, ಗಲ್ಫಿನಲ್ಲಿ ತನ್ನ ಧಣಿಯ ಮುದಿ ತಾಯಿಯನ್ನು ನೋಡಿಕೊಳ್ಳಲು ನನ್ನನ್ನೇ ಕರೆಸಿದ. ನಮ್ಮವರು ಮಾಲೂರಿನ ಹೆಂಚಿನ ಕಾರ್ಖಾನೆಯ ಮಾಡಿನ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಮನೆ ಸೇರಿದ್ದರು. ಈ ಕೆಲಸ ತಪ್ಪಿದರೆ ದೊಡ್ಡ ಮಗಳ ಶಾಲೆ ಬಿಡಿಸಿ ರೇಷ್ಮೆ ನೂಲು ಬಿಚ್ಚಲು ಕಳಿಸಬೇಕಿತ್ತು.

ಜೊತೆಗೆ ಬಂದಿದ್ದ ಸಾಹೇಬರನ್ನು ಕಚೇರಿಯ ಹೊರಗೇ ನಿಲ್ಲಿಸಿದರು. ಒಳಗೆ ಅಧಿಕಾರಿ, ಅವನ ಮಾತನ್ನು ನನಗೆ ಬರುವ ತೆಲುಗಿನಲ್ಲಿ ಹೇಳುವ ಗುಮಾಸ್ತ.

"ಮೀ ಆಯನ ಪೇರೇಮಿಟಮ್ಮಾ?" ಎಂದು ನಮ್ಮವರ ಹೆಸರು ಕೇಳಿದ ಗುಮಾಸ್ತ.

ಕಾಗದದಲ್ಲೇ ಇದೆಯಲ್ಲ ಎಂದು ಬೆರಳು ತೋರಿಸಿದೆ. ಬಾಯಲ್ಲಿ ಹೇಳಬೇಕಂತೆ. ಎರಡು ಸಲ, ಮೂರು ಸಲ ಕೇಳಿದ. ಕಂಬದ ಹಾಗೆ ನಿಂತಿದ್ದೆ. ಗಂಡನ ಹೆಸರೇ ಗೊತ್ತಿಲ್ಲದವಳು ಇನ್ಯಾರದೋ ಕಾಗದ ಹಿಡಿದು ಬಂದಿದ್ದಾಳೆ ಎಂದುಕೊಂಡರು. ಕಾಗದಗಳು ನನ್ನ ಕಡೆಗೇ ವಾಪಸು ಬಂದವು.

ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ವಲ್ಲಮ್ಮಾ" ಎಂದ ಪಕ್ಕದವಳ ಮೇಲೂ ರೇಗಿದೆ.

"ಹೇಳ್ಬಿಡ್ಬೇಕಿತ್ತು ಕಣೇ," ಎಂದರು ನಮ್ಮವರು.

"ನಿಮಗೇನಾದ್ರೂ ಆದ್ರೆ?"

"ಮಾಡಿನ ಮೇಲಿಂದ ಬಿದ್ದಾಗ ಯಾರ್ ಹೇಳಿದ್ರು ನನ್ ಹೆಸರು?"

ಅವರ ಮಾತು ನಿಜವೇ. ಆದರೂ ಭಯ ಹೋಗಲಿಲ್ಲ. ಸಾಹೇಬರು ಯಾರ್ಯಾರಿಗೋ ಹೇಳಿ ಇನ್ನೊಂದು ಸಲ ಕರೆಯುವಂತೆ ಮಾಡಿದರು. ಮದ್ರಾಸಿಗೆ ಹೊರಡುವ ದಿನ ಅತ್ತೆ ಊಟ ಬಿಟ್ಟು ಮಗನ ಪಕ್ಕ ಕೂತರು. ನನ್ನ ಮುಖ ನೋಡಲಿಲ್ಲ.

ಮದ್ರಾಸಿನಲ್ಲಿ ಅದೇ ಗುಮಾಸ್ತ, ಅದೇ ಪ್ರಶ್ನೆ. ಕಣ್ಣು ಮುಚ್ಚಿದೆ. ಮಗಳ ಮುಖ ಬಂತು. ಹೆಸರು ಎಷ್ಟು ಜೋರಾಗಿ ಹೇಳಿದೆನೆಂದರೆ ಅಧಿಕಾರಿ ತಲೆಯೆತ್ತಿದ. ಆವತ್ತು ಯಾಕೆ ಹೇಳಲಿಲ್ಲ ಎಂದು ಗುಮಾಸ್ತ ಕೇಳಿದ. ಕಾರಣ ಹೇಳಿದೆ. ಅವನು ನಗಲಿಲ್ಲ, ತನ್ನ ಅಮ್ಮನೂ ಹೇಳುವುದಿಲ್ಲ ಎಂದ. ಅಧಿಕಾರಿಗೆ ಅದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಮುದ್ರೆ ಬಿತ್ತು.

ಸಂತೋಷಪಡಬೇಕಾದವಳು ಬಸ್ಸಿನಲ್ಲಿ ಸೆರಗು ಕಚ್ಚಿಕೊಂಡು ಕೂತಿದ್ದೆ. ಚಿತ್ತೂರು ದಾಟಿದರೂ ಅದನ್ನು ಬಿಟ್ಟಿರಲಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಗುಂಪು ಕಂಡು ಓಡಿದೆ. ನಲ್ಲಿಯಲ್ಲಿ ನೀರು ಬಂದಿತ್ತು, ಅಷ್ಟೇ.

ನಮ್ಮವರು ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. "ಸಿಕ್ತೇನೇ?" ಎಂದರು. ಹೂಂ ಎಂದವಳೇ ಅವರ ಎದೆಯ ಮೇಲೆ ಕೈಯಿಟ್ಟು, ಕೊಡ ಹಿಡಿದು ನಿಂತವರೆಲ್ಲರ ಎದುರಿಗೇ ಅತ್ತುಬಿಟ್ಟೆ.

"ಸತ್ತಿಲ್ಲ ಕಣೇ," ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಹೆಂಗ್ ಹೇಳ್ದೆ? ನಂಗೂ ಒಂದ್ಸಲ ಹೇಳು, ಕೇಳ್ತೀನಿ."

ಬಾಯಿ ತೆರೆದೆ. ಅವರ ಮುಖ ನೋಡಿದೆ. ಅಷ್ಟು ದೂರ ಹೋಗಿ ಯಾರೋ ಗುರುತಿಲ್ಲದವನಿಗೆ ಕೂಗಿ ಹೇಳಿದ್ದ ಹೆಸರು ಅವರ ಎದುರು ಬಾಯಿಗೆ ಬರಲೇ ಇಲ್ಲ.