ಎಲ್ಲಿಂದ ಬೇಕಾದರೂ ಮಾಡಬಹುದಾದ ಕೆಲಸ

ಜಾಹೀರಾತು ಇಂಗ್ಲಿಷ್ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗ ಹಿಡಿದಿತ್ತು. ಊರು ಸುತ್ತುವ ಆಸೆಯೇ? ಅನುಭವ ಬೇಕಿಲ್ಲ. ಎಲ್ಲಿಂದ ಬೇಕಾದರೂ ಕೆಲಸ ಮಾಡಿ. ಕೊನೆಯ ಸಾಲನ್ನು ನಾನು ಮೂರು ಸಲ ಓದಿದೆ. ಅದನ್ನು ಬರೆದ ಮಹಾನುಭಾವ ಯಾರೆಂದು ಇವತ್ತು ಗೊತ್ತಾದರೂ ಸಾಕು, ಬಸ್ ಹಿಡಿದು ಹೋಗಿ ನಾಲ್ಕು ಮಾತು ಅಂದು ಬರುತ್ತೇನೆ.

ಮದ್ರಾಸು ಚೆನ್ನೈ ಆಗಿ ಕೆಲವು ವರ್ಷ ಕಳೆದಿದ್ದವು. ನಾವು ಅದರ ಅಂಚಿನ ಪಲ್ಲಾವರಂನಲ್ಲಿದ್ದೆವು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಅಪ್ಪ ರೈಲ್ವೆ ಆಫೀಸಿನಲ್ಲಿ, ನೌಕರರಿಗೂ ಅವರ ಮನೆಯವರಿಗೂ ಸಿಗುವ ಪುಕ್ಕಟೆ ಪ್ರಯಾಣದ ಪಾಸ್ ಬರೆಯುವ ಗುಮಾಸ್ತರು. ಯಾರ್ಯಾರದೋ ಹೆಂಡತಿ ಮಕ್ಕಳು ಕಾಶಿಗೆ, ದ್ವಾರಕೆಗೆ, ಡಾರ್ಜಿಲಿಂಗಿಗೆ ಹೋಗಲು ಬೇಕಾದ ಪಾಸುಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಡುವುದೇ ಅವರ ದಿನಚರಿ. ತಮ್ಮ ಪಾಲಿನ ಪಾಸಿನಲ್ಲಿ ಮಾತ್ರ ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿಬಂದರೆ ಮುಗಿಯಿತು, ಉಳಿದ ಪಾಸುಗಳು ಡಿಸೆಂಬರಿಗೆ ಅವಧಿ ಮುಗಿದು ಹಾಗೇ ಕೊಳೆಯುತ್ತಿದ್ದವು. ಅವ್ವನಿಗೆ ರೈಲು ಹತ್ತಿದರೆ ಮೂರೇ ಸ್ಟೇಷನ್ ಆಚೆಯ ತಾಂಬರಂ ದಾಟುವುದರೊಳಗೆ ವಾಂತಿ. ಒಬ್ಬರೇ ಹೊರಡುವ ಜಾಯಮಾನ ಅಪ್ಪನದಲ್ಲ.

ಅಪ್ಪನಿಗೆ ಇದ್ದದ್ದು ಒಂದೇ ಆಸೆ. ರಾಮೇಶ್ವರಕ್ಕೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಪಾಂಬನ್ ಸೇತುವೆ ದಾಟಬೇಕು. ದೇವರ ದರ್ಶನವಾದರೂ ಸರಿ, ಆಗದಿದ್ದರೂ ಸರಿ, ಎರಡೂ ಕಡೆ ಸಮುದ್ರ ಇದ್ದು ನಡುವೆ ರೈಲು ಮೆಲ್ಲಗೆ ಹೋಗುವುದನ್ನು ನೋಡಬೇಕು. ಅಷ್ಟರಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಆ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುತ್ತಾರಂತೆ, ವರ್ಷಗಟ್ಟಲೆ ರೈಲು ಇರುವುದಿಲ್ಲವಂತೆ ಎಂಬ ಸುದ್ದಿ ಆಫೀಸಿಗೆ ಬಂತು. ನನಗೆ ಗಂಡು ಗೊತ್ತಾಯಿತು.

"ಲಗ್ನ ಆತಂದ್ರ ನಿನ್ನ ಹೆಸರು ನನ್ನ ಪಾಸಿನ್ಯಾಗ ಬರಂಗಿಲ್ಲವಾ," ಅಂದರು ಅಪ್ಪ. "ಅಷ್ಟರಾಗ ಒಮ್ಮೆ ಇಬ್ಬರೂ ಕೂಡಿ ಹೋಗಿಬರೂಣು."

"ಹೋಗೂಣ್ರಿ ಅಪ್ಪಾ, ನನ್ನ ಕೆಲಸಕ್ಕೇನು, ಎಲ್ಲಿ ಕುಂತರೂ ಆಗ್ತೈತಿ," ಅಂದೆ. ಎಷ್ಟು ಜಂಬದಿಂದ ಅಂದೆ ಎಂದರೆ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆ ಜಾಹೀರಾತು ನೋಡಿ ಹೋದ ನನಗೆ ಕೆಲಸ ಕೊಟ್ಟವರ ಆಫೀಸು ಅಂಬತ್ತೂರಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಒಂದು ಲೇತ್ ವರ್ಕ್‌ಶಾಪಿನ ಮಹಡಿಯ ಮೇಲಿತ್ತು. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಟೇಪಿಗೆ ಹೇಳಿದ ಮಾತುಗಳನ್ನು ಕೇಳಿ ಟೈಪ್ ಮಾಡಿ ಕಳಿಸುವುದು ಕೆಲಸ. ಒಂದು ತಿಂಗಳು ಅಲ್ಲೇ ತರಬೇತಿ. ಕೆಳಗೆ ಕಬ್ಬಿಣ ಕೊರೆಯುವ ಸದ್ದು, ಕಿವಿಯಲ್ಲಿ ಯಾರದೋ ಪಿತ್ತಕೋಶ. ಡಾಕ್ಟರುಗಳಂತೂ ಬಾಯಲ್ಲಿ ತಿಂಡಿ ಇಟ್ಟುಕೊಂಡೇ ಮಾತಾಡುವವರು. ತರಬೇತಿ ಮುಗಿದ ದಿನ ಒಂದು ಹೆಡ್‌ಫೋನು, ಆ ಮಾತುಗಳನ್ನು ಕಾಲಿನಿಂದ ನಿಲ್ಲಿಸಿ ನಡೆಸಲು ಹೊಲಿಗೆ ಮಷಿನ್ನಿಗೆ ಇರುವಂಥ ಒಂದು ಪೆಡಲು ಕೊಟ್ಟು ಮನೆಗೆ ಕಳಿಸಿದರು. ಡಾಕ್ಟರ ಧ್ವನಿಯ ಫೈಲು ಇಮೇಲಿನಲ್ಲಿ ಬರುತ್ತದೆ, ಟೈಪಾಗಿ ಬಂದ ಹನ್ನೆರಡು ಗಂಟೆಯೊಳಗೆ ವಾಪಸು ಹೋಗಬೇಕು. ಯಾವಾಗ ಬರುತ್ತದೆ? ಬಂದಾಗ. ರಜೆ ಹೇಗೆ ಎಂದು ಸೂಪರ್‌ವೈಸರ್ ಮೇಡಂ ಅವರನ್ನು ಕೇಳಿದೆ. "ವೀಟ್ಲ ದಾನೆ ಇರ್ಕೆ, ಲೀವ್ ಎದುಕ್ಕು ಮಾ?" ಅಂದರು. ಮನೆಯಲ್ಲೇ ಇರುವವಳಿಗೆ ರಜೆ ಯಾತಕ್ಕಂತೆ!

ಪಲ್ಲಾವರಂನಲ್ಲಿ ನಮ್ಮ ಮನೆಯ ನೆತ್ತಿಯ ಮೇಲೇ ವಿಮಾನಗಳ ದಾರಿ. ಡಾಕ್ಟರು ಔಷಧಿಯ ಹೆಸರು ಹೇಳುವ ಹೊತ್ತಿಗೇ ಸರಿಯಾಗಿ ಒಂದು ವಿಮಾನ ಗುಡುಗುತ್ತ ಹೋಗುತ್ತಿತ್ತು. ಊರು ಸುತ್ತುವವರು ಮೇಲೆ ಹಾರುತ್ತಿದ್ದರು, ಊರು ಸುತ್ತುವ ಕೆಲಸ ಹಿಡಿದ ನಾನು ಕೆಳಗೆ ಪೆಡಲು ತುಳಿಯುತ್ತಿದ್ದೆ. ಮನೆಯ ಕಂಪ್ಯೂಟರಿಗೆ ಫೋನಿನ ತಂತಿಯಿಂದಲೇ ಇಂಟರ್‌ನೆಟ್, ಅದನ್ನು ಹಾಕಿದರೆ ಫೋನು ಸತ್ತಂತೆ. ಬೀಗರು ಮೂರು ದಿನ ಪ್ರಯತ್ನಿಸಿ, ಕೊನೆಗೆ ಪಕ್ಕದ ಮನೆಗೆ ಫೋನು ಮಾಡಿ ನಾವೆಲ್ಲ ಆರೋಗ್ಯವೇ ಎಂದು ವಿಚಾರಿಸಿದರು. ಒಂದು ಭಾನುವಾರ ಗೆಳತಿಯ ಜೊತೆ ಬೆಸೆಂಟ್ ನಗರದ ಬೀಚಿಗೆ ಹೋದೆ. ಚಪ್ಪಲಿ ಬಿಚ್ಚುವ ಮೊದಲು ಒಂದು ಸಲ ಇಮೇಲ್ ನೋಡಿಬಿಡೋಣ ಎಂದು ಬ್ರೌಸಿಂಗ್ ಸೆಂಟರಿಗೆ ನುಗ್ಗಿದವಳು ಹೊರಗೆ ಬಂದಾಗ ಗೆಳತಿ ಕಡಲೆಕಾಳಿನ ಸುಂಡಲ್ ತಿಂದು, ಅಲೆ ನೋಡಿ, ಮನೆಗೆ ಹೋಗಿಯಾಗಿತ್ತು.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಬ್ಯಾಗಿನಲ್ಲಿ ಎರಡು ಚೂಡಿದಾರ, ಹೆಡ್‌ಫೋನು, ಪೆಡಲು ತುಂಬಿಕೊಂಡು ಅಪ್ಪನ ಜೊತೆ ಹೊರಟೆ. ಅಪ್ಪ ತಮ್ಮ ಪಾಸನ್ನು ತಾವೇ ಬರೆದಿದ್ದರು, ಮೇಲಿನವರ ಸಹಿ ಮಾತ್ರ ಬೇರೆ. ದಾರಿಯಲ್ಲಿ ನಾಲ್ಕು ಸಲ ಜೇಬಿನಿಂದ ತೆಗೆದು ನನ್ನ ಹೆಸರಿದ್ದ ಸಾಲನ್ನು ನೋಡಿಕೊಂಡರು. ರಾಮೇಶ್ವರದಲ್ಲಿ ಇಂಟರ್‌ನೆಟ್ ಇದೆಯೋ ಇಲ್ಲವೋ ಎಂಬ ದಿಗಿಲಿಗೆ ನಾನೇ ಹಟ ಹಿಡಿದು, ಸೇತುವೆಗಿಂತ ಮೊದಲೇ ಸಿಗುವ ರಾಮನಾಥಪುರದಲ್ಲಿ ಇಳಿಸಿ ಲಾಡ್ಜು ಹಿಡಿಸಿದೆ. ಅಲ್ಲಿಂದ ಸೇತುವೆ ಒಂದೆರಡು ಗಂಟೆಯ ದಾರಿ. ಬೆಳಗಿನ ಪ್ಯಾಸೆಂಜರ್ ಹಿಡಿದರೆ ಆಯಿತು.

ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ "ಹತ್ತ ನಿಮಿಷ ಅಪ್ಪಾ" ಎಂದು ಒಂದು ಬ್ರೌಸಿಂಗ್ ಸೆಂಟರ್ ಹೊಕ್ಕೆ. ಮೂರು ಫೈಲು ಬಂದು ಕೂತಿದ್ದವು. ನಡುರಾತ್ರಿ ಬಂದವು, ಮಧ್ಯಾಹ್ನದೊಳಗೆ ಹೋಗಬೇಕಾದವು. ಬ್ಯಾಗಿನಿಂದ ಪೆಡಲು ತೆಗೆದೆ. ಸೆಂಟರಿನವನು ಬಾಂಬು ಕಂಡಂತೆ ಎದ್ದುಬಂದ. "ಅದೆಲ್ಲಾಂ ಮಾಟ್ಟ ಕೂಡಾದು ಮಾ," ಅಂದ. ಅದನ್ನೆಲ್ಲ ಸಿಕ್ಕಿಸುವಂತಿಲ್ಲ, ವೈರಸ್ ಬರುತ್ತದೆ. ಕಾಲಿನ ಪೆಡಲಿನಿಂದ ವೈರಸ್ಸು! ವಾದ ಮಾಡಿದೆ, ಬೇಡಿಕೊಂಡೆ, ಕಡೆಗೆ ಮೌಸಿನಲ್ಲೇ ನಿಲ್ಲಿಸಿ ನಡೆಸಿ ಟೈಪ್ ಮಾಡಲು ಕೂತೆ. ಅರ್ಧ ಪುಟವಾದಾಗ ಕರೆಂಟು ಹೋಯಿತು. ಬಂದಾಗ ಅರ್ಧ ಪುಟ ಇರಲಿಲ್ಲ.

ಅಪ್ಪ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗಡಿಯಾರ ನೋಡುತ್ತಿರಲಿಲ್ಲ. ನೋಡಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

"ಅಪ್ಪಾ, ನೀವು ಹೋಗಿಬರ್ರಿ," ಅಂದೆ, ತಿರುಗದೆ. "ನಾ ನಾಳೆ ಬರ್ತೀನಿ. ಹಿಂದ ಕುಂತು ನೋಡಬ್ಯಾಡ್ರಿ, ನನ್ನ ಕೈ ನಡುಗ್ತಾವ."

"ಇರ್ಲಿ ತಗೋ. ನಾಳೆ ಇಬ್ಬರೂ ಹೋಗೂಣು."

"ಹೋಗ್ರಿ ಅಂದ್ರ ಹೋಗ್ರಿ! ನಿಮ್ಮ ಸಲುವಾಗಿ ಬಂದೇವಿ, ನೀವರೆ ನೋಡಿಬರ್ರಿ!"

ಪಕ್ಕದ ಕಂಪ್ಯೂಟರಿನವರು ತಿರುಗಿ ನೋಡಿದರು. ಅಪ್ಪ ಎದ್ದು ಚೀಲ ನನ್ನ ಕಾಲ ಬಳಿ ಇಟ್ಟು, ಅದರಿಂದ ನೀರಿನ ಬಾಟಲಿ ತೆಗೆದು ನನ್ನ ಪಕ್ಕದಲ್ಲಿಟ್ಟು ಹೊರಟರು. ವಯಸ್ಸಾದ ಅಪ್ಪನನ್ನು ಗದರಿಸಿ ಯಾರದೋ ಅಮೆರಿಕದ ಮೊಣಕಾಲಿನ ಊತವನ್ನು ಟೈಪ್ ಮಾಡಿದೆ.

ಸಂಜೆ ಲಾಡ್ಜಿಗೆ ಬಂದರು. "ಹೆಂಗಿತ್ರಿ?" ಅಂದೆ. "ಚೊಲೊ ಇತ್ತವಾ," ಅಂದರು. ಅಷ್ಟೇ. ಜೀವಮಾನದ ಆಸೆಗೆ ಎರಡೇ ಪದ. ನನ್ನ ಮೇಲಿನ ಮುನಿಸು ಇನ್ನೂ ಇಳಿದಿಲ್ಲವೆಂದುಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ಮೂರರಲ್ಲಿ ಎರಡು ಫೈಲು ತಪ್ಪುಗಳಿವೆ ಎಂದು ವಾಪಸು ಬಂದಿದ್ದವು, ಜೊತೆಗೆ ಹೊಸದೊಂದು. ಅಪ್ಪನ ರಜೆ ಅವತ್ತಿಗೆ ಕೊನೆ, ಸಂಜೆ ಮದ್ರಾಸಿನ ರೈಲು. ನಾನು ಅಳುಮೋರೆ ಹಾಕಿದೆ.

"ನಾ ಹೆಂಗೂ ನೋಡಿಬಂದೀನಲ್ಲ, ಬಿಡು," ಅಂದರು ಅಪ್ಪ. "ನಿನ್ನ ಕೆಲಸ ಮುಗಿಸ್ಕೋ."

ನಿಜ ಹೇಳಬೇಕೆಂದರೆ, ಆ ಮಾತು ಕೇಳಿ ನನಗೆ ಜೀವ ಬಂದಂತಾಯಿತು. ಸದ್ಯ, ಅವರಾದರೂ ನೋಡಿದರಲ್ಲ! ಮುಂದೆ ಮೂರು ತಿಂಗಳಿಗೆ ಆ ಕೆಲಸ ಬಿಟ್ಟೆ. ಪೆಡಲನ್ನು ಅಂಬತ್ತೂರಿಗೆ ಹೋಗಿ ಒಪ್ಪಿಸಿ ಬರಲು ಅರ್ಧ ದಿನ ಹಿಡಿಯಿತು, ಅವರಿಗೆ ಅದು ತಮ್ಮದೇ ಎಂಬುದೂ ನೆನಪಿರಲಿಲ್ಲ. ಮದುವೆಯಾಯಿತು. ಸೇತುವೆಯ ರೈಲು ನಿಂತಿತು. ನಾನು ಒಂದೇ ಮೇಜು, ಒಂದೇ ಕುರ್ಚಿಯ ಕೆಲಸ ಹುಡುಕಿಕೊಂಡೆ. ಸಂಜೆಯಾದರೆ ಮೇಜನ್ನೂ ಕುರ್ಚಿಯನ್ನೂ ಅಲ್ಲೇ ಬಿಟ್ಟು ಬರಬಹುದು, ಅದಕ್ಕಿಂತ ದೊಡ್ಡ ಸ್ವಾತಂತ್ರ್ಯ ನನಗೆ ಬೇಕಿರಲಿಲ್ಲ. ಯಾವಾಗಲಾದರೂ ಆ ಪ್ರಯಾಣ ನೆನಪಾದರೆ, ಅಪ್ಪ ಸೇತುವೆ ನೋಡಿದ್ದಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹೊಸ ಹಳಿ ಬಿದ್ದು ರೈಲು ಮತ್ತೆ ಶುರುವಾದ ಮೇಲೆ ಅಪ್ಪನನ್ನು ಕರೆದುಕೊಂಡು ಹೋದೆ. ಅಷ್ಟರಲ್ಲಿ ಅವರು ನಿವೃತ್ತರು. ಅವರದು ನಿವೃತ್ತರ ಪಾಸು, ನನ್ನದು ಕೊಂಡ ಟಿಕೆಟು. ಮಗಳಿಗೆ ಟಿಕೆಟ್ ತೆಗೆಸಿದ್ದು ಅವರಿಗೆ ಅವಮಾನವಾದಂತಿತ್ತು, ಎರಡನ್ನೂ ಒಟ್ಟಿಗೆ ಮಡಿಸಿ ತಮ್ಮ ಜೇಬಿನಲ್ಲೇ ಇಟ್ಟುಕೊಂಡರು. ಸೇತುವೆಯ ಈಚೆಯ ಕೊನೆಯ ಸ್ಟೇಷನ್ ಮಂಡಪಂ ಬಿಟ್ಟ ಮೇಲೆ ರೈಲು ನಡಿಗೆಯ ವೇಗಕ್ಕೆ ಇಳಿಯಿತು. ಕಿಟಕಿಯ ಕೆಳಗೆ ನೆಲ ಹೋಗಿ ನೀರು ಬಂತು. ಅಪ್ಪ ಕಂಬಿಗೆ ಹಣೆ ಒತ್ತಿದರು.

"ಹಿಂಗ ಐತೇನ ಇದು!" ಅಂದರು.

"ನೀವು ಮೊದಲ ನೋಡೀರಲ್ರಿ ಅಪ್ಪಾ," ಅಂದೆ.

"ಎಲ್ಲಿ ನೋಡೀನಿ? ಅವತ್ತ ಮಂಡಪಂ ಬಿಟ್ಟ ಕೂಡ್ಲೆ ಕಣ್ಣು ಮುಚ್ಚಿಕೊಂಡ ಕುಂತೆ. ತಿರುಗಿ ಬರೂ ಮುಂದೂ ಹಂಗ. ನೀ ನಾಳೆ ಬರ್ತೀನಿ ಅಂದಿದ್ದಿ, ಕೂಡೇ ನೋಡೂಣು ಅಂತ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಮೇಲೋ, ನನ್ನ ಮೇಲೋ, ಆ ಪೆಡಲಿನ ಮೇಲೋ ತಿಳಿಯಲಿಲ್ಲ. "ಮರುದಿವಸ ಹೇಳಬಾರದಿತ್ತೇನ್ರಿ? ಒಂದು ಮಾತು ಅಂದಿದ್ರ ಎಲ್ಲಾ ಬಿಟ್ಟು ಬರ್ತಿದ್ದೆ!"

"ಹೇಳಿದ್ರ ಮತ್ತ ನಿನ್ನ ಕೈ ನಡುಗ್ತಿದ್ವು," ಅಂದರು ಅಪ್ಪ. "ಈಗ ನನ್ನ ಮಾರಿ ಏನ ನೋಡ್ತೀ, ಹೊರಗ ನೋಡು, ಮುಗದ ಹೋಗ್ತೈತಿ."

ನಾನು ಕಣ್ಣೊರೆಸಿಕೊಂಡು ತಿರುಗುವಷ್ಟರಲ್ಲಿ ಅರ್ಧ ಸೇತುವೆ ಹಿಂದೆ ಹೋಗಿತ್ತು.